ಅಗ್ಗಿಷ್ಟಿಕೆಯ ಹಲಗೆಯಲ್ಲಿ ಅಡಗಿದ್ದ ನಾದ

ಕ್ಷೇತ್ರಗಳ ಉತ್ಸವಕಾಲ ಬಂತೆಂದರೆ ನಮ್ಮ ಜಿಲ್ಲೆಯ ಬಯಲುಗಳಲ್ಲಿ ಗಾನಮೇಳಗಳಿಗೂ ಕಾಲ ಬಂತೆಂದೇ ಅರ್ಥ. ಹಾಡುವವರ ಹೆಸರನ್ನು ಕರಪತ್ರದಲ್ಲಿ ದಪ್ಪಕ್ಷರಗಳಲ್ಲಿ ಅಚ್ಚು ಹಾಕಿಸುತ್ತಾರೆ. ಅವರ ಬೆನ್ನ ಹಿಂದೆ ಹೆಗಲಿಗೆ ಪಟ್ಟಿ ಹಾಕಿಕೊಂಡು ನಿಂತ ಇಬ್ಬರ ಹೆಸರು ಮಾತ್ರ ಯಾರಿಗೂ ಬೇಡ. ಒಬ್ಬನ ಕೈಯ ವಾದ್ಯಕ್ಕೆ ಆರು ತಂತಿ, ಇನ್ನೊಬ್ಬನದಕ್ಕೆ ಸಾಧಾರಣವಾಗಿ ನಾಲ್ಕೇ. ಮೊದಲನೆಯದು ವಿದ್ಯುತ್ ಗಿಟಾರು, ಎರಡನೆಯದು ಬೇಸ್ ಗಿಟಾರು. ವೀಣೆಗಿರುವಂತೆ ಇವುಗಳಿಗೆ ಕೊಡವಿಲ್ಲ, ತಂಬೂರಿಗಿರುವಂತೆ ಬುರುಡೆಯಿಲ್ಲ. ನೋಡಿದರೆ ಬಣ್ಣ ಬಳಿದ ಒಂದು ಹಲಗೆ, ಅಷ್ಟೆ. ಹಾಗಿದ್ದೂ ಒಬ್ಬನ ಹಲಗೆಯಿಂದ ಜೇನು ಸುರಿಯುತ್ತದೆ, ಇನ್ನೊಬ್ಬನದರಿಂದ ತಗಡು ಕೆರೆದ ಸದ್ದು ಬರುತ್ತದೆ. ಇದೇಕೆ?

ಬೆಲೆಯ ವ್ಯತ್ಯಾಸ ಎಂದು ಹೇಳಿಬಿಡುವುದು ಸುಲಭ. ಆದರೆ ಈ ವಾದ್ಯದ ಇತಿಹಾಸ ಬೇರೆಯೇ ಹೇಳುತ್ತದೆ. ಕಳೆದ ಎಂಬತ್ತು, ತೊಂಬತ್ತು ವರ್ಷಗಳಲ್ಲಿ ಗಿಟಾರಿನಿಂದ ಹೊಸ ನಾದ ಹೊರಡಿಸಿದವರಲ್ಲಿ ಹಲವರು ಕಾರ್ಖಾನೆಯಿಂದ ಬಂದ ವಾದ್ಯವನ್ನು ಬಂದ ಹಾಗೆಯೇ ನುಡಿಸಿದವರಲ್ಲ. ಕೆತ್ತಿದರು, ಕಿತ್ತರು, ಮೇಣದಲ್ಲಿ ಅದ್ದಿದರು, ಬೇರೆ ತಂತಿ ಕಟ್ಟಿದರು. ಅದೂ ಶೋಕಿಗಾಗಿ ಅಲ್ಲ. ಕೊಳ್ಳಲು ಹಣವಿಲ್ಲದೆ, ಕೈಯ ಬೆರಳಿಲ್ಲದೆ, ಅಥವಾ ಮನಸ್ಸಿನಲ್ಲಿ ಕೇಳುತ್ತಿದ್ದ ನಾದ ಯಾವ ಅಂಗಡಿಯಲ್ಲೂ ಸಿಗದೆ ಹಾಗೆ ಮಾಡಿದರು. ಅಂಥವರ ಕೆಲವು ಕೆಲಸಗಳನ್ನೂ ಅವುಗಳಿಂದ ನಾದ ಬದಲಾದ ಕಾರಣಗಳನ್ನೂ ನಾವು ಇಲ್ಲಿ ವಾಚಕರ ಮುಂದಿಡುತ್ತಿದ್ದೇವೆ.

ಹಲಗೆಯ ಒಳಗುಟ್ಟು

ವೀಣೆಯ ತಂತಿಯನ್ನು ಮೀಟಿದಾಗ ಅದರ ಕಂಪನ ಕುದುರೆಯ ಮೂಲಕ ಹಲಸಿನ ಮರದ ಕೊಡಕ್ಕಿಳಿದು, ಗಾಳಿಯನ್ನು ನಡುಗಿಸಿ ಕಿವಿಗೆ ಬರುತ್ತದೆ. ವಿದ್ಯುತ್ ಗಿಟಾರಿನ ಕ್ರಮ ಬೇರೆ. ತಂತಿಗಳ ಅಡಿಯಲ್ಲಿ ಬೆರಳುದ್ದದ ಒಂದು ಪೆಟ್ಟಿಗೆಯನ್ನು ಹಲಗೆಗೆ ಬಿಗಿದಿರುತ್ತಾರೆ. ಇದಕ್ಕೆ ಪಿಕಪ್ ಎಂದು ಹೆಸರು. ಅದರೊಳಗೆ ಅಯಸ್ಕಾಂತ, ಅಯಸ್ಕಾಂತದ ಸುತ್ತ ತಲೆಗೂದಲಿನಷ್ಟು ತೆಳ್ಳಗಿನ ತಾಮ್ರದ ತಂತಿಯ ಸುರುಳಿ. 1954ರಲ್ಲಿ ಬಂದ ಸ್ಟ್ರಾಟೋಕ್ಯಾಸ್ಟರ್ ಎಂಬ ಪ್ರಸಿದ್ಧ ಗಿಟಾರಿನ ಪಿಕಪ್ಪಿನಲ್ಲಿ ಸುಮಾರು 8,000 ಸುತ್ತುಗಳಿದ್ದವು. ಉಕ್ಕಿನ ತಂತಿ ಅಯಸ್ಕಾಂತದ ಮೇಲೆ ನಡುಗಿದಾಗ ಸುರುಳಿಯಲ್ಲಿ ಅತಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಅದೇ ಆಂಪ್ಲಿಫೈಯರಿಗೆ ಹೋಗಿ ದೊಡ್ಡದಾಗಿ ಸ್ಪೀಕರಿನಲ್ಲಿ ಕೇಳಿಸುತ್ತದೆ. ತಂತಿ ಉಕ್ಕಿನದೋ ನಿಕ್ಕಲಿನದೋ ಆಗಿರಲೇಬೇಕು. ನೈಲಾನ್ ತಂತಿ ಕಟ್ಟಿದರೆ ಈ ಪಿಕಪ್ಪು ಮೂಕ.

ಇಷ್ಟು ತಿಳಿದುಕೊಂಡರೆ ಉಳಿದದ್ದೆಲ್ಲ ಸುಲಭ. ಸುತ್ತು ಹೆಚ್ಚಿದರೆ ಶಬ್ದ ಗಟ್ಟಿಯಾಗುತ್ತದೆ, ಆದರೆ ಮೇಲಿನ ಸ್ವರಗಳ ಹೊಳಪು ತುಸು ಮಾಸುತ್ತದೆ. ಪಿಕಪ್ಪನ್ನು ಕುದುರೆಯ ಪಕ್ಕದಲ್ಲಿಟ್ಟರೆ ನಾದ ಚೂಪು, ದಂಡಿಯ ಕಡೆಗಿಟ್ಟರೆ ದುಂಡು. ಕುದುರೆಯ ಹತ್ತಿರ ತಂತಿಯ ಮೂಲಸ್ವರದ ತೂಗಾಟ ಚಿಕ್ಕದಾದ ಕಾರಣ ಮೇಲಿನ ಅನುಸ್ವರಗಳೇ ಮುಂದಾಗಿ ಕೇಳುತ್ತವೆ. ವೀಣೆಯನ್ನೇ ಕುದುರೆಯ ಪಕ್ಕ ಒಮ್ಮೆ, ಮೆಟ್ಟಿಲುಗಳ ಪಕ್ಕ ಒಮ್ಮೆ ಮೀಟಿ ನೋಡಿದವರಿಗೆ ಇದಕ್ಕೆ ಹತ್ತಿರದ ಅನುಭವವುಂಟು. ಇನ್ನು ಪಿಕಪ್ಪಿನಿಂದ ಹೊರಟ ವಿದ್ಯುತ್ತು ದಾರಿಯಲ್ಲಿ ಎರಡು ಗುಬುಟುಗಳನ್ನು ದಾಟುತ್ತದೆ. ಒಂದು ಗಟ್ಟಿತನಕ್ಕೆ, ಒಂದು ಬಣ್ಣಕ್ಕೆ. ಬಣ್ಣದ ಗುಬುಟಿನ ಬೆನ್ನಿಗೆ ಬೆಸುಗೆ ಹಾಕಿದ ಪುಟ್ಟ ಕೆಪಾಸಿಟರ್ ಮೇಲಿನ ಸ್ವರಗಳನ್ನು ಭೂಮಿಗೆ ಹರಿಯಬಿಡುತ್ತದೆ. ರೇಡಿಯೋ ರಿಪೇರಿ ಮಾಡಿ ಬಲ್ಲವರಿಗೆ ಇದು ಪರಿಚಯದ ವಿದ್ಯೆಯೇ. ಸ್ಟ್ರಾಟೋಕ್ಯಾಸ್ಟರನ್ನು ತಯಾರಿಸಿದ ಅಮೆರಿಕದ ಲಿಯೋ ಫೆಂಡರ್ ಅವರೇ ಮೂಲತಃ ರೇಡಿಯೋ ರಿಪೇರಿ ಅಂಗಡಿಯವರು. ಅವರಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲವೆಂಬುದು ಈ ವಾದ್ಯದ ಕಥೆಯಲ್ಲಿ ಒಂದು ಸ್ವಾರಸ್ಯ.

ಮರದ ದಿಮ್ಮಿಯೂ ಕಣ್ಣಿನ ಕಿವಿಯೂ

ಲೆಸ್ ಪಾಲ್ ಎಂಬ ಅಮೆರಿಕದ ಗಿಟಾರುವಾದಕರು 1940-41ರ ಸುಮಾರಿಗೆ ನ್ಯೂಯಾರ್ಕಿನ ಎಪಿಫೋನ್ ಕಾರ್ಖಾನೆಯಲ್ಲಿ, ಕೆಲಸಗಾರರಿಲ್ಲದ ರಜಾದಿನಗಳಲ್ಲಿ ಕುಳಿತು ಒಂದು ವಿಚಿತ್ರ ವಾದ್ಯ ಮಾಡಿದರು. ನಾಲ್ಕಿಂಚು ಚೌಕದ ಒಂದು ಪೈನ್ ಮರದ ತೊಲೆ. ಅದಕ್ಕೊಂದು ದಂಡಿ, ತಂತಿ, ತಾವೇ ಮಾಡಿದ ಪಿಕಪ್ಪು. ಪೊಳ್ಳು ಗಿಟಾರಿಗೆ ಪಿಕಪ್ ಜೋಡಿಸಿ ಗಟ್ಟಿಯಾಗಿ ನುಡಿಸಿದರೆ ಸ್ಪೀಕರಿನ ಶಬ್ದವೇ ಗಿಟಾರಿನ ಹೊಟ್ಟೆಯನ್ನು ನಡುಗಿಸಿ ಊಳಿಡುತ್ತಿತ್ತು. ಗಟ್ಟಿ ತೊಲೆಗೆ ಆ ರೋಗವಿಲ್ಲ. ಅಲ್ಲದೆ ತಂತಿಯ ಶಕ್ತಿ ಪೆಟ್ಟಿಗೆಯನ್ನು ನಡುಗಿಸುವುದರಲ್ಲಿ ಸೋರಿಹೋಗದೆ ಇರುವ ಕಾರಣ ಸ್ವರ ಬಹಳ ಹೊತ್ತು ನಿಲ್ಲುತ್ತದೆ.

ಆದರೆ ಈ ತೊಲೆಯನ್ನು ಹಿಡಿದು ವೇದಿಕೆಗೆ ಹೋದಾಗ ಕೇಳುವವರಿಗೆ ಅದು ಸೇರಲಿಲ್ಲವಂತೆ. ಲೆಸ್ ಪಾಲ್ ಒಂದು ಹಳೆಯ ಗಿಟಾರಿನ ಪೆಟ್ಟಿಗೆಯನ್ನು ಉದ್ದಕ್ಕೆ ಸೀಳಿ ಎರಡು ಬದಿಗೂ ರೆಕ್ಕೆಯಂತೆ ಅಂಟಿಸಿದರು. ನಾದಕ್ಕೆ ಆ ರೆಕ್ಕೆಗಳಿಂದ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಆದರೂ ಮುಂದಿನ ಸಲ ಜನರಿಗೆ ಅದೇ ಸಂಗೀತ ಹಿತವಾಯಿತು. ಕಣ್ಣೂ ಕೇಳುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಗಿಬ್ಸನ್ ಕಂಪೆನಿ ಅದನ್ನು ಮೊದಲು ಒಲ್ಲೆನೆಂದಿತು. ಹತ್ತು ವರ್ಷಗಳ ಮೇಲೆ, ಫೆಂಡರ್ ಅವರ ಹಲಗೆ ಗಿಟಾರು ಪೇಟೆಯಲ್ಲಿ ಓಡತೊಡಗಿದಾಗ, 1952ರಲ್ಲಿ ಲೆಸ್ ಪಾಲ್ ಹೆಸರಿನಲ್ಲೇ ಗಿಟಾರು ಹೊರತಂದಿತು.

ತಂದೆ ಮಗ ಕೂಡಿ ಮಾಡಿದ ಗಿಟಾರು

ಈ ಕ್ಷೇತ್ರದಲ್ಲಿ ನಮ್ಮ ಮನಸ್ಸನ್ನು ಹೆಚ್ಚು ಹಿಡಿದ ಕಥೆ ಬ್ರಿಯಾನ್ ಮೇ ಅವರದು. ಈಗ ಜಗತ್ತಿಗೆಲ್ಲ ಕ್ವೀನ್ ತಂಡದ ಗಿಟಾರುವಾದಕರಾಗಿ ಪರಿಚಿತರಾದ ಇವರು 1963ರಲ್ಲಿ ಲಂಡನ್ನಿನ ಪಶ್ಚಿಮ ಹೊರವಲಯದ ಒಬ್ಬ ಶಾಲಾ ಹುಡುಗ. ಅಂಗಡಿಯಲ್ಲಿ ತೂಗುಹಾಕಿದ ಅಮೆರಿಕನ್ ಗಿಟಾರಿನ ಬೆಲೆ ಆ ಮನೆಯ ಆದಾಯಕ್ಕೆ ಎಟಕುವಂತಿರಲಿಲ್ಲ. ತಂದೆ ಹೆರಾಲ್ಡ್ ಮೇ ಇಲೆಕ್ಟ್ರಾನಿಕ್ಸ್ ಬಲ್ಲವರು, ಮನೆಗೆ ಬೇಕಾದ ರೇಡಿಯೋ, ಟೆಲಿವಿಷನ್ನುಗಳನ್ನೂ ತಾವೇ ಜೋಡಿಸುವಷ್ಟು ಕೈಗಾರಿಕೆ ಇದ್ದವರು. ಕೊಳ್ಳುವುದು ಬೇಡ, ಮಾಡೋಣ ಎಂದು ತಂದೆ ಮಗ ನಿಶ್ಚಯಿಸಿದರು. ಹೆಚ್ಚುಕಡಿಮೆ ಎರಡು ವರ್ಷ ಹಿಡಿಯಿತು. ಒಟ್ಟು ಖರ್ಚು ಸುಮಾರು 8 ಪೌಂಡು ಎಂದು ಅವರು ಮುಂದೆ ಹೇಳಿದ್ದಾರೆ.

ಸಾಮಗ್ರಿಯ ಪಟ್ಟಿ ಓದಿದರೆ ಗುಜರಿ ಅಂಗಡಿಯ ನೆನಪಾಗುತ್ತದೆ. ದಂಡಿಗೆ ಸಿಕ್ಕಿದ್ದು ನೂರು ವರ್ಷಕ್ಕೂ ಹಳೆಯದಾದ ಒಂದು ಅಗ್ಗಿಷ್ಟಿಕೆಯ ಮಹಾಗನಿ ಚೌಕಟ್ಟಿನ ಹಲಗೆ. ಅದರಲ್ಲಿ ಹುಳ ಕೊರೆದ ತೂತುಗಳಿದ್ದವು. ಆ ತೂತುಗಳಿಗೆ ಬೆಂಕಿಕಡ್ಡಿ ತುರುಕಿ ಮುಚ್ಚಿದರು. ಹಲಗೆಯ ನಡುಭಾಗಕ್ಕೆ ಹಳೆಯ ಓಕ್ ಮೇಜಿನ ತುಂಡು, ಬದಿಗಳಿಗೆ ಬ್ಲಾಕ್‌ಬೋರ್ಡು, ಮೇಲೆ ಅಂದಕ್ಕೆ ಮಹಾಗನಿಯ ತೆಳು ಹಾಳೆ. ದಂಡಿಯ ಮೇಲಿನ ಗುರುತಿನ ಚುಕ್ಕೆಗಳು ತಾಯಿಯ ಹೊಲಿಗೆಪೆಟ್ಟಿಗೆಯ ಚಿಪ್ಪಿನ ಗುಂಡಿಗಳು. ಸ್ವರವನ್ನು ಅಲುಗಿಸಲು ತಂತಿಗಳನ್ನೆಲ್ಲ ಒಟ್ಟಿಗೆ ಸಡಿಲಿಸಿ ಬಿಗಿಯುವ ಒಂದು ಸನ್ನೆಗೋಲಿರುತ್ತದೆ. ಇದರದು ಗಟ್ಟಿ ಉಕ್ಕಿನ ಚೂರಿಯ ಅಲಗಿನ ಮೇಲೆ ತೂಗುತ್ತದೆ. ತಂತಿಗಳ ಎಳೆತಕ್ಕೆ ಎದುರಾಗಿ ಹಿಡಿದಿರುವುದು 1928ರ ಪ್ಯಾಂಥರ್ ಮೋಟಾರು ಸೈಕಲ್ಲಿನ ಎರಡು ವಾಲ್ವ್ ಸ್ಪ್ರಿಂಗುಗಳು. ಸನ್ನೆಗೋಲಿನ ತುದಿಗೆ ಉಲ್ಲನ್ ಹೆಣೆಯುವ ಕಡ್ಡಿಯ ತುಂಡು!

ಇದನ್ನು ಕೇಳಿ ನಗುವ ಮೊದಲು ಅದರ ಹಿಂದಿನ ಲೆಕ್ಕವನ್ನು ನೋಡಬೇಕು. ಸಾಮಾನ್ಯ ಗಿಟಾರುಗಳಲ್ಲಿ ಆ ಸನ್ನೆಗೋಲನ್ನು ಒತ್ತಿ ಬಿಟ್ಟರೆ ತಂತಿಗಳು ಶ್ರುತಿಗೆ ಮರಳುತ್ತಿರಲಿಲ್ಲ. ಎಲ್ಲಿ ಉಜ್ಜಾಟವಿದೆಯೋ ಅಲ್ಲಿ ಶ್ರುತಿ ಕೆಡುತ್ತದೆ ಎಂದು ತಂದೆ ಮಗ ಕಂಡುಕೊಂಡರು. ಚೂರಿಯ ಅಲಗಿನ ಮೇಲೆ ತಕ್ಕಡಿಯಂತೆ ತೂಗುವ ಕುದುರೆಗೆ ಉಜ್ಜಾಟ ಅತ್ಯಲ್ಪ. ಹಲಗೆಯೊಳಗೆ ಅಲ್ಲಲ್ಲಿ ಪೊಳ್ಳು ಬಿಟ್ಟದ್ದೂ ಬೇಕೆಂದೇ. ಲೆಸ್ ಪಾಲ್ ಓಡಿಸಹೊರಟ ಊಳಿನ ಪಿಶಾಚಿಯನ್ನು ಈ ಹುಡುಗ ಅಳತೆಮಾಡಿ ಒಳಗೆ ಕರೆದುಕೊಂಡ! ಆಂಪ್ಲಿಫೈಯರಿನ ಎದುರು ನಿಂತಾಗ ಸ್ವರ ತನ್ನಷ್ಟಕ್ಕೇ ಮೊಳಗಿ ನಿಲ್ಲಬೇಕು, ಆದರೆ ಕೈಮೀರಬಾರದು ಎಂಬುದು ಅವನ ಬಯಕೆ.

ಪಿಕಪ್ಪುಗಳನ್ನೂ ಮೊದಲು ಮನೆಯಲ್ಲೇ ಅಯಸ್ಕಾಂತಕ್ಕೆ ತಂತಿ ಸುತ್ತಿ ಮಾಡಿದ್ದರು. ನಾದವೇನೋ ಚೆನ್ನಾಗಿತ್ತು, ಆದರೆ ತಂತಿಯನ್ನು ಬದಿಗೆ ಎಳೆದು ಸ್ವರ ಏರಿಸುವಾಗ ಅಯಸ್ಕಾಂತದ ಧ್ರುವಗಳ ಮೇಲೆ ತಂತಿ ದಾಟಿದಂತೆಲ್ಲ ಶಬ್ದ ಒಂದೇ ಸಮನಿರಲಿಲ್ಲ. ಹಾಗಾಗಿ ಬರ್ನ್ಸ್ ಕಂಪೆನಿಯ ಮೂರು ಪಿಕಪ್ಪುಗಳನ್ನು ಕೊಂಡರು. ಅವುಗಳನ್ನೂ ಹಾಗೆಯೇ ಬಿಡಲಿಲ್ಲ. ಒಳಗೆ ಅರಾಲ್ಡೈಟ್ ತುಂಬಿಸಿ ಸುರುಳಿಗಳು ಅಲುಗದಂತೆ ಬಂಧಿಸಿದರು. ಸುರುಳಿಯ ಒಂದು ಸುತ್ತು ಸಡಿಲವಾಗಿದ್ದರೂ ಅದು ಗಟ್ಟಿ ಶಬ್ದಕ್ಕೆ ತಾನೂ ನಡುಗಿ ಕೀರಲು ಕೂಗು ಹಾಕುತ್ತದೆ. ಅಮೆರಿಕದ ಎಡ್ಡಿ ವಾನ್ ಹೇಲನ್ 1970ರ ದಶಕದಲ್ಲಿ ತಮ್ಮ ಬಿಡಿಭಾಗ ಜೋಡಿಸಿದ ಗಿಟಾರಿನ ಪಿಕಪ್ಪನ್ನು ಕರಗಿಸಿದ ಮೇಣದಲ್ಲಿ ಅದ್ದಿದ್ದೂ ಇದೇ ಕಾರಣಕ್ಕೆ.

ಇನ್ನೊಂದು ಯುಕ್ತಿ ಸ್ವಿಚ್ಚುಗಳದು. ಪ್ರತಿ ಪಿಕಪ್ಪಿಗೂ ಎರಡೆರಡು ಸ್ವಿಚ್ಚು. ಒಂದು ಹಾಕಲು ಆರಿಸಲು, ಇನ್ನೊಂದು ಅದರ ವಿದ್ಯುತ್ತಿನ ದಿಕ್ಕನ್ನು ತಿರುಗಿಸಲು. ಎರಡು ಪಿಕಪ್ಪುಗಳು ಒಂದೇ ದಿಕ್ಕಿನಲ್ಲಿದ್ದರೆ ನಾದ ದಪ್ಪ. ಒಂದನ್ನು ತಿರುಗಿಸಿದರೆ ಎರಡರಲ್ಲೂ ಸಮಾನವಾಗಿರುವ ಕೆಳಸ್ವರಗಳು ಒಂದನ್ನೊಂದು ಹೊಡೆದುಹಾಕಿ, ಬೇರೆಬೇರೆಯಾದ ಮೇಲಿನ ಅನುಸ್ವರಗಳು ಮಾತ್ರ ಉಳಿದು ತೆಳ್ಳಗೆ ಅಳುವಂಥ ಶಬ್ದ ಬರುತ್ತದೆ. ಮೂರು ಪಿಕಪ್ಪು, ಆರು ಸ್ವಿಚ್ಚು. ಕೀ ತಿರುಗಿಸಿದಷ್ಟು ಬೇಗ ಬಣ್ಣ ಬದಲು. ಪ್ಲಾಸ್ಟಿಕ್ ಕಡ್ಡಿಯ ಬದಲು ಹಳೆಯ ಆರು ಪೆನ್ಸಿನ ನಾಣ್ಯದಿಂದ ಮೀಟುವ ಅಭ್ಯಾಸ ಬೇರೆ. ನಾಣ್ಯದ ಹಲ್ಲಂಚು ತಂತಿಯನ್ನು ಕೆರೆಯುವುದರಿಂದ ಸ್ವರದ ಆರಂಭಕ್ಕೆ ವ್ಯಂಜನದಂಥ ಒಂದು ಉಚ್ಚಾರ ಬರುತ್ತದೆ.

ಮಗ ಖಭೌತ ವಿಜ್ಞಾನದಲ್ಲಿ ಡಾಕ್ಟರೇಟಿಗೆ ಓದುತ್ತಿದ್ದವನು. ಅದನ್ನು ಅರ್ಧಕ್ಕೆ ಬಿಟ್ಟು, ತಾವಿಬ್ಬರೂ ಕೂಡಿ ಮಾಡಿದ ಅದೇ ಗಿಟಾರನ್ನು ಹೆಗಲಿಗೇರಿಸಿ ಹೊರಟಾಗ ತಂದೆಗೆ ಸಹಿಸಲಾಗಲಿಲ್ಲ. ಇಬ್ಬರ ನಡುವೆ ಮಾತು ನಿಂತುಹೋದ ಕಾಲವೂ ಇತ್ತು ಎಂದು ಬ್ರಿಯಾನ್ ಮೇ ಹೇಳಿಕೊಂಡಿದ್ದಾರೆ. ಮುಂದೆ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಸಾವಿರಾರು ಜನರ ನಡುವೆ ಕುಳಿತು ಆ ಅಗ್ಗಿಷ್ಟಿಕೆಯ ಹಲಗೆ ಮೊಳಗುವುದನ್ನು ಕೇಳಿದ ಮೇಲೆ ಹೆರಾಲ್ಡ್ ಮೇ ಒಪ್ಪಿಕೊಂಡರು. ತಂದೆ 1988ರಲ್ಲಿ ತೀರಿಕೊಂಡರು. ಬಿಟ್ಟ ಓದನ್ನು ಮಗ ಮುಗಿಸಿ ಡಾಕ್ಟರೇಟು ಪಡೆದದ್ದು 2007ರಲ್ಲಿ. 2002ರಲ್ಲಿ ಬಕಿಂಗ್‌ಹ್ಯಾಮ್ ಅರಮನೆಯ ಮಾಳಿಗೆಯ ಮೇಲೆ ನಿಂತು ಬ್ರಿಟನ್ನಿನ ರಾಷ್ಟ್ರಗೀತೆ ನುಡಿಸಿದ್ದೂ ಇದೇ ಗಿಟಾರಿನಲ್ಲಿ.

ಬೆರಳಿಗೊಂದು ಟೊಪ್ಪಿ

ಬ್ರಿಯಾನ್ ಮೇಗೆ ಅಡ್ಡಬಂದದ್ದು ಹಣ. ಬರ್ಮಿಂಗ್‌ಹ್ಯಾಮಿನ ಟೋನಿ ಅಯೋಮಿಗೆ ಅಡ್ಡಬಂದದ್ದು ಒಂದು ಯಂತ್ರ. 1965ರಲ್ಲಿ, ಹದಿನೇಳರ ಪ್ರಾಯದಲ್ಲಿ, ತಗಡು ಕೆಲಸದ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ ಈತ ಸಂಗೀತಕ್ಕಾಗಿ ಕೆಲಸ ಬಿಡುವವನಿದ್ದ. ಅದೇ ಕೊನೆಯ ದಿನ. ಒತ್ತುಯಂತ್ರಕ್ಕೆ ಸಿಕ್ಕಿ ಬಲಗೈಯ ನಡುಬೆರಳು ಮತ್ತು ಉಂಗುರ ಬೆರಳುಗಳ ತುದಿಗಳು ಹೋದವು. ಎಡಚನಾದ ಕಾರಣ ತಂತಿ ಒತ್ತುವ ಕೈ ಅದೇ. ಇನ್ನು ಗಿಟಾರು ಮರೆತುಬಿಡು ಎಂದರು ವೈದ್ಯರು. ಆಗ ಕಾರ್ಖಾನೆಯ ಮೇಸ್ತ್ರಿಯೊಬ್ಬರು ಒಂದು ರೆಕಾರ್ಡು ತಂದು ಕೇಳಿಸಿದರು. ನುಡಿಸಿದವನು ಜ್ಯಾಂಗೊ ರೈನ್‌ಹಾರ್ಟ್, 1928ರಲ್ಲಿ ಬೆಂಕಿಯಲ್ಲಿ ಎಡಗೈ ಸುಟ್ಟು ಎರಡು ಬೆರಳು ಮುದುಡಿದ ಮೇಲೂ ಯುರೋಪನ್ನು ಬೆರಗುಗೊಳಿಸಿದವನು.

ಅಯೋಮಿ ಪಾತ್ರೆ ತೊಳೆಯುವ ದ್ರವದ ಒಂದು ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳ ತುದಿಗಳಿಗೆ ಟೊಪ್ಪಿಗಳನ್ನು ಮಾಡಿಕೊಂಡ. ಪ್ಲಾಸ್ಟಿಕ್ಕು ತಂತಿಯ ಮೇಲೆ ಜಾರುತ್ತಿದ್ದುದರಿಂದ ಹಳೆಯ ಚರ್ಮದ ಜಾಕೀಟಿನ ತುಂಡು ಅಂಟಿಸಿದ. ಆದರೂ ದಪ್ಪ ತಂತಿಗಳನ್ನು ಒತ್ತಿದರೆ ನೋವು, ಬದಿಗೆ ಎಳೆಯುವುದಂತೂ ದೂರ. ತೆಳು ತಂತಿಗಳ ಕಟ್ಟು ಆಗ ಸಿಗುತ್ತಿರಲಿಲ್ಲ. ಬ್ಯಾಂಜೊ ವಾದ್ಯದ ತಂತಿಗಳನ್ನು ತಂದು ಕಟ್ಟಿದ. ಮುಂದೆ ಅವನ ಬ್ಲ್ಯಾಕ್ ಸಬ್ಬತ್ ತಂಡದ 1971ರ ಮಾಸ್ಟರ್ ಆಫ್ ರಿಯಾಲಿಟಿ ಎಂಬ ರೆಕಾರ್ಡಿನ ಹೊತ್ತಿಗೆ ಕೆಲವು ಹಾಡುಗಳಲ್ಲಿ ಶ್ರುತಿಯನ್ನೇ ಒಂದೂವರೆ ಸ್ವರದಷ್ಟು ಕೆಳಗಿಳಿಸಿದ. ಲೆಕ್ಕ ಹಾಕಿದರೆ ತಂತಿಯ ಎಳೆತ ನೂರಕ್ಕೆ ಮೂವತ್ತರಷ್ಟು ಕಡಿಮೆಯಾಗುತ್ತದೆ. ಗಾಯದ ಬೆರಳಿಗೆ ಅಷ್ಟು ಉಪಶಮನ.

ಆದರೆ ಕೇಳಿದವರಿಗೆ ಕೇಳಿಸಿದ್ದು ಉಪಶಮನವಲ್ಲ. ಸಡಿಲ ತಂತಿ ಅಗಲವಾಗಿ ಬೀಸಾಡುತ್ತದೆ, ಮೀಟಿದ ಕ್ಷಣ ಸ್ವರ ಕೊಂಚ ಮೇಲೆದ್ದು ಇಳಿಯುತ್ತದೆ, ಕೆಳಗಿನ ಸ್ವರಗಳು ಆಂಪ್ಲಿಫೈಯರನ್ನು ತುಂಬಿ ಗುಡುಗುತ್ತವೆ. ಇಂದು ಹೆವಿ ಮೆಟಲ್ ಎಂದು ಕರೆಯುವ ಸಂಗೀತಪ್ರಕಾರದ ಆ ಭಾರದ ಮೂಲ ಒಬ್ಬ ಕಾರ್ಮಿಕನ ಕತ್ತರಿಸಿದ ಬೆರಳಿನಲ್ಲಿದೆ. ಆ ಸಂಗೀತ ನಮ್ಮ ವಾಚಕರಲ್ಲಿ ಎಲ್ಲರಿಗೂ ಹಿಡಿಸುತ್ತದೆ ಎಂದು ನಾವು ಹೇಳಲಾರೆವು. ಕೆಲವರು ರೇಡಿಯೋ ಆರಿಸಿಯಾರು. ಆ ಬೆರಳಿಗೆ ಮಾತ್ರ ಗೌರವ ಸಲ್ಲಲೇಬೇಕು. 2025ರ ಜುಲೈಯಲ್ಲಿ ತಮ್ಮ ಊರು ಬರ್ಮಿಂಗ್‌ಹ್ಯಾಮಿನಲ್ಲಿ ಆ ತಂಡ ವಿದಾಯದ ಕಚೇರಿ ನಡೆಸಿದಾಗಲೂ ಅಯೋಮಿ ವೇದಿಕೆಯಲ್ಲಿದ್ದರು.

ಬೇಸ್: ಏನನ್ನೂ ಮುಟ್ಟದವನು, ಎಲ್ಲವನ್ನೂ ಕಿತ್ತವನು

ಬೇಸ್ ಗಿಟಾರಿನ ಕೆಳಗಿನ ತಂತಿ ಗಿಟಾರಿನದಕ್ಕಿಂತ ಒಂದು ಸ್ಥಾಯಿ ಕೆಳಗೆ, ಸೆಕೆಂಡಿಗೆ ಸುಮಾರು 41 ಕಂಪನ. ಜನ ಅದನ್ನು ಕಿವಿಯಿಂದ ಕೇಳುವುದಕ್ಕಿಂತ ಎದೆಯಿಂದ ಕೇಳುವುದೇ ಹೆಚ್ಚು. ಈ ವಾದ್ಯದಲ್ಲಿ ಪರಸ್ಪರ ವಿರುದ್ಧವಾದ ಎರಡು ದಾರಿ ಹಿಡಿದ ಇಬ್ಬರನ್ನು ಹೇಳದಿದ್ದರೆ ಲೇಖನ ಅಪೂರ್ಣ.

ಡೆಟ್ರಾಯಿಟಿನ ಮೋಟೌನ್ ಸ್ಟುಡಿಯೋದಲ್ಲಿ ನುಡಿಸುತ್ತಿದ್ದ ಜೇಮ್ಸ್ ಜೇಮರ್ಸನ್ ತಮ್ಮ 1962ರ ಫೆಂಡರ್ ಬೇಸಿನ ದಪ್ಪ, ನುಣುಪು ಸುತ್ತಿನ ತಂತಿಗಳನ್ನು ತುಂಡಾಗುವ ತನಕ ಬದಲಾಯಿಸುತ್ತಿರಲಿಲ್ಲ. ಬೆವರು, ಎಣ್ಣೆ, ಧೂಳು ಸೇರಿ ತಂತಿಯ ಹೊಳಪು ಸತ್ತುಹೋಗಬೇಕು, ಅದೇ ಅವರಿಗೆ ಬೇಕಿದ್ದದ್ದು. ಕುದುರೆಯ ಹತ್ತಿರ ತಂತಿಗೆ ಒತ್ತಿದ ಸ್ಪಂಜಿನ ತುಂಡು ಸ್ವರವನ್ನು ಬೇಗನೆ ನಿಲ್ಲಿಸುತ್ತಿತ್ತು. ಹೀಗೆ ಪ್ರತಿ ಪೆಟ್ಟೂ ಮದ್ದಳೆಯ ಮುಚ್ಚುಪೆಟ್ಟಿನಂತೆ ದುಂಡಗೆ ಬಿದ್ದು, ಹಾಡಿಗೆ ದಾರಿ ಬಿಟ್ಟುಕೊಡುತ್ತಿತ್ತು. ಲಕ್ಷಗಟ್ಟಲೆ ಮಾರಾಟವಾದ ರೆಕಾರ್ಡುಗಳಲ್ಲಿ ವರ್ಷಗಟ್ಟಲೆ ಅವರ ಹೆಸರೇ ಅಚ್ಚಾಗಿರಲಿಲ್ಲ. 1983ರಲ್ಲಿ ಅವರು ತೀರಿಕೊಳ್ಳುವುದಕ್ಕೆ ಸ್ವಲ್ಪ ಮೊದಲು ಆ ಬೇಸು ಕಳವಾಯಿತು. ಗಾನಮೇಳದ ಕರಪತ್ರದ ವಿಷಯ ಮೊದಲೇ ಹೇಳಿದೆವಷ್ಟೆ.

ಫ್ಲೋರಿಡಾದ ಜಾಕೊ ಪಾಸ್ಟೋರಿಯಸ್ ದಾರಿಯೇ ಬೇರೆ. ತಮ್ಮ 1962ರ ಜ್ಯಾಜ್ ಬೇಸಿನ ದಂಡಿಯಲ್ಲಿದ್ದ ಲೋಹದ ಮೆಟ್ಟಿಲುಗಳನ್ನೆಲ್ಲ ಕಿತ್ತುಹಾಕಿದರು. ಬೆಣ್ಣೆ ಸವರುವ ಚಾಕುವಿನಿಂದ ಕಿತ್ತದ್ದು ಎಂದೂ ಹೇಳಿಕೊಂಡದ್ದುಂಟು. ಉಳಿದ ಸೀಳುಗಳನ್ನು ಮರದ ಹಿಟ್ಟಿನ ಗಾರೆಯಿಂದ ತುಂಬಿದರು. ಆದರೆ ಅವರು ಕಟ್ಟುತ್ತಿದ್ದದ್ದು ಒರಟು ಸುತ್ತಿನ ಉಕ್ಕಿನ ತಂತಿ. ಅದು ಅರದಂತೆ ಮರವನ್ನು ತಿನ್ನುತ್ತದೆ. ಅದಕ್ಕೆ ಉಪಾಯವಾಗಿ ದೋಣಿಗಳಿಗೆ ಬಳಿಯುವ ಎಪಾಕ್ಸಿಯನ್ನು ದಂಡಿಗೆ ಪದರು ಪದರಾಗಿ ಹಚ್ಚಿದರು. ಮರ ಗಾಜಿನಂತೆ ಗಟ್ಟಿಯಾಯಿತು.

ಪರಿಣಾಮವನ್ನು ನಮ್ಮವರಿಗೆ ವಿವರಿಸುವುದು ಸುಲಭ. ತಂಬೂರಿಯ ಕುದುರೆಯ ಮೇಲೆ ತಂತಿಯಡಿಗೆ ನೂಲೆಳೆ ಸರಿಸಿ ‘ಜೀವ’ ಹಿಡಿಸುವುದನ್ನು ನೋಡಿದವರಿಗೆ ಗೊತ್ತು. ತಂತಿ ಚೂಪಾದ ಅಂಚಿನ ಮೇಲೆ ನಿಲ್ಲದೆ ಇಳಿಜಾರಿನ ಮೇಲೆ ಸವರಿಕೊಂಡು ಬಿಡುಗಡೆಯಾದಾಗ ಅನುಸ್ವರಗಳು ಅರಳುತ್ತವೆ. ಮೆಟ್ಟಿಲಿಲ್ಲದ ದಂಡಿಯ ಮೇಲೂ ಹಾಗೆಯೇ ತಂತಿ ಮರವನ್ನು ಸವರುತ್ತ ಹಾಡುತ್ತದೆ. ಮೇಲಾಗಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು ಅಡ್ಡಿಯಿಲ್ಲ. 1976ರಲ್ಲಿ ಅವರ ಮೊದಲ ಸ್ವಂತ ರೆಕಾರ್ಡು ಬಂದಾಗ ಬೇಸು ಇಷ್ಟು ದಿನ ಹಿಂದೆ ನಿಂತಿದ್ದದ್ದು ಮುಂದೆ ಬಂದು ಮಾತಾಡಿತು. ಮನೋರೋಗಕ್ಕೆ ತುತ್ತಾದ ಈ ಕಲಾವಿದ 1987ರಲ್ಲಿ, ಕ್ಲಬ್ಬಿನ ಹೊರಗೆ ಪೆಟ್ಟು ತಿಂದು, 35ರ ಪ್ರಾಯದಲ್ಲಿ ತೀರಿಕೊಂಡರು. ಅದಕ್ಕೂ ಒಂದು ವರ್ಷ ಮೊದಲು ಅವರ ಬೇಸೂ ಕಳುವಾಗಿತ್ತು. ಇಪ್ಪತ್ತು ವರ್ಷಗಳ ಮೇಲೆ ಅದು ನ್ಯೂಯಾರ್ಕಿನಲ್ಲಿ ಪತ್ತೆಯಾಯಿತು.

ಇದೇ ಗಮಕದ ಪ್ರಶ್ನೆಯನ್ನು ದಕ್ಷಿಣಭಾರತದಲ್ಲಿ ಇನ್ನೊಂದು ರೀತಿ ಬಿಡಿಸಿದವರು ಆಂಧ್ರದ ಪಾಲಕೊಲ್ಲಿನ ಯು. ಶ್ರೀನಿವಾಸ್. ಪಾಶ್ಚಾತ್ಯ ಮ್ಯಾಂಡೊಲಿನ್ನಿಗೆ ಜೋಡಿ ಜೋಡಿಯಾಗಿ ಎಂಟು ತಂತಿ. ಮೀಟಿದ ಸ್ವರ ಕ್ಷಣದಲ್ಲಿ ಆರುತ್ತದೆ, ಜೋಡಿತಂತಿಯನ್ನು ಎಳೆದರೆ ಎರಡೂ ಸಮವಾಗಿ ಏರುವುದಿಲ್ಲ. ಅವರು ಒಂಟಿ ತಂತಿಗಳನ್ನು ಕಟ್ಟಿ, ಐದನೆಯದೊಂದನ್ನು ಸೇರಿಸಿ, ವಿದ್ಯುತ್ ಪಿಕಪ್ಪಿನಿಂದ ಸ್ವರಕ್ಕೆ ಆಯುಸ್ಸು ಕೊಟ್ಟರು. 2014ರಲ್ಲಿ 45ರಲ್ಲೇ ಅಗಲಿದ ಅವರ ತೋಡಿಯನ್ನೂ ಕಲ್ಯಾಣಿಯನ್ನೂ ಕೇಳಿದವರು ಅದು ವಿದ್ಯುತ್ ವಾದ್ಯವೆಂಬುದನ್ನೇ ಮರೆಯುತ್ತಿದ್ದರು.

ಬೀಟೆಯ ಮಾತು

ಮರದಿಂದ ನಾದಕ್ಕೆ ಎಷ್ಟು ವ್ಯತ್ಯಾಸ ಎಂಬುದು ಈ ವಲಯದಲ್ಲಿ ಮುಗಿಯದ ಜಗಳ. ಮರವೇ ಎಲ್ಲ ಎನ್ನುವವರಿದ್ದಾರೆ, ಏನೂ ಅಲ್ಲ ಎನ್ನುವವರಿದ್ದಾರೆ. ತಂತಿ, ಪಿಕಪ್ಪು, ಪಿಕಪ್ಪಿನ ಸ್ಥಾನ, ಆಂಪ್ಲಿಫೈಯರು ಇವು ಮಾಡುವ ವ್ಯತ್ಯಾಸದ ಎದುರು ಗಟ್ಟಿಹಲಗೆಯ ಜಾತಿ ಮಾಡುವ ವ್ಯತ್ಯಾಸ ಅತ್ಯಲ್ಪ ಎಂದೇ ನಮಗನಿಸುತ್ತದೆ. ಬ್ಲಾಕ್‌ಬೋರ್ಡಿನ ಗಿಟಾರು ಅರಮನೆಯ ಮಾಳಿಗೆ ಹತ್ತಿದ ಮೇಲೆ ಹೆಚ್ಚು ವಾದವೇಕೆ?

ಆದರೂ ಮರದ ಮಾತು ಬಂದಾಗ ನಮ್ಮ ನಾಡಿಗೂ ಇದರಲ್ಲಿ ಪಾಲಿದೆ. ಬೆರಳೋಡುವ ದಂಡಿಯ ಮೇಲ್ಪಟ್ಟಿಗೆ ಜಗತ್ತಿನ ಗಿಟಾರು ತಯಾರಕರು ಬಯಸುವ ಮರಗಳಲ್ಲೊಂದು ಪಶ್ಚಿಮ ಘಟ್ಟದ ಬೀಟೆ, ವಯನಾಡಿನವರ ಈಟಿ. ಬ್ರೆಜಿಲಿನ ಬೀಟೆ ದುರ್ಲಭವಾಗುತ್ತ ಬಂದು ಅಮೆರಿಕದ ಪ್ರಸಿದ್ಧ ಮಾರ್ಟಿನ್ ಕಂಪೆನಿ 1969ರಲ್ಲಿ ಭಾರತದ ಬೀಟೆಗೆ ತಿರುಗಿತು. 2017ರ ಜನವರಿಯಲ್ಲಿ ಬೀಟೆಯ ಇಡೀ ಕುಲವನ್ನೇ ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿಸಿದಾಗ, ಪಟ್ಟಿಯಷ್ಟು ಮರವಿದ್ದ ಗಿಟಾರಿಗೂ ಗಡಿ ದಾಟಿ ಮಾರಾಟವಾಗಲು ಕಾಗದಪತ್ರ ಬೇಕಾಯಿತು. 2019ರಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು.

ಕೈಹಾಕುವ ಮೊದಲು

ವಾದಕರ ಕೈಚಳಕವನ್ನು ಕಾರ್ಖಾನೆಗಳೇ ಹಿಂಬಾಲಿಸಿದ್ದುಂಟು. ಸ್ಟ್ರಾಟೋಕ್ಯಾಸ್ಟರಿನ ಮೂರು ಪಿಕಪ್ಪುಗಳಿಗೆ ಮೂರು ನಿಲುಗಡೆಯ ಸ್ವಿಚ್ಚಿತ್ತು. ವಾದಕರು ಅದನ್ನು ನಡುವೆ ಸಿಕ್ಕಿಸಿ ಎರಡೆರಡು ಪಿಕಪ್ಪುಗಳ ಮಿಶ್ರನಾದ ಪಡೆಯುತ್ತಿದ್ದರು. 1977ರಲ್ಲಿ ಕಂಪೆನಿಯೇ ಐದು ನಿಲುಗಡೆಯ ಸ್ವಿಚ್ಚು ಹಾಕಿತು.

ನಮ್ಮ ಊರಿನ ಯುವಕರಲ್ಲಿ ಗಿಟಾರು ಕೊಂಡವರು ಈಗ ಸಾಕಷ್ಟಿದ್ದಾರೆ. ನಾದ ಸಾಲದೆಂದು ಇನ್ನೊಂದು ಗಿಟಾರಿಗೆ ಸಾಲ ಮಾಡುವ ಮೊದಲು ಅವರು ಖರ್ಚಿಲ್ಲದ ಕೆಲಸ ಮಾಡಿ ನೋಡಲಿ. ಪಿಕಪ್ಪಿನ ಎರಡು ಬದಿಯ ತಿರುಪುಗಳನ್ನು ಸ್ಕ್ರೂಡ್ರೈವರಿನಿಂದ ಕಾಲು ಸುತ್ತಿನಷ್ಟು ತಿರುಗಿಸಿದರೂ ವ್ಯತ್ಯಾಸ ಕೇಳುತ್ತದೆ. ತಂತಿಗೆ ಹತ್ತಿರವಾದಷ್ಟೂ ಗಟ್ಟಿ, ಆದರೆ ಅತಿಯಾದರೆ ಅಯಸ್ಕಾಂತ ತಂತಿಯನ್ನೇ ಎಳೆದು ಮೇಲಿನ ಸ್ವರಗಳು ಶ್ರುತಿಗೆಟ್ಟು ನಡುಗುತ್ತವೆ. ತಂತಿಯ ದಪ್ಪ ಬದಲಾಯಿಸುವುದು, ಬೇಸಿನ ಕುದುರೆಯ ಬಳಿ ಸ್ಪಂಜಿಡುವುದು, ಉದ್ದನೆಯ ವಯರಿನ ಬದಲು ಗಿಡ್ಡದ್ದು ಹಾಕುವುದು ಎಲ್ಲ ಸಣ್ಣ ಕೆಲಸಗಳೇ. ವಯರು ಉದ್ದವಾದಷ್ಟೂ ಹೊಳಪು ದಾರಿಯಲ್ಲೇ ಸೋರುತ್ತದೆ. ಕೆಪಾಸಿಟರು ಕೆಲವೇ ರೂಪಾಯಿ. ಸಾಮಾನ್ಯವಾಗಿ 0.047 ಮೈಕ್ರೋಫ್ಯಾರಡಿನದಿರುವಲ್ಲಿ 0.022ರದು ಬೆಸೆದರೆ ಬಣ್ಣದ ಗುಬುಟು ತಿರುಗಿಸಿದಾಗ ನಾದ ಅಷ್ಟು ಕಪ್ಪಾಗುವುದಿಲ್ಲ. ಪಿಕಪ್ಪು ಗುಂಯ್‌ಗುಡುವ ಉಪದ್ರವವಿದ್ದರೆ ಎದುರುಬದುರು ಸುತ್ತಿದ ಜೋಡಿ ಸುರುಳಿಯ ಪಿಕಪ್ಪು ಹಾಕಿಸಬಹುದು. ಗಿಬ್ಸನ್ ಕಂಪೆನಿಯ ಸೆತ್ ಲವರ್ 1955ರಲ್ಲಿ ರೂಪಿಸಿದ ಈ ಯುಕ್ತಿಯಲ್ಲಿ ಕರೆಂಟು ಲೈನಿನಿಂದ ಹಿಡಿದ ಗುಂಯ್ ಶಬ್ದ ಎರಡು ಸುರುಳಿಗಳಲ್ಲಿ ವಿರುದ್ಧವಾಗಿ ಹುಟ್ಟಿ ಸತ್ತುಹೋಗುತ್ತದೆ, ತಂತಿಯ ನಾದ ಮಾತ್ರ ಉಳಿಯುತ್ತದೆ. ಮೆಟ್ಟಿಲು ಕೀಳುವುದು, ದಂಡಿ ಕೆರೆಯುವುದು ಹಾಗಲ್ಲ. ಕಿತ್ತ ಮೇಲೆ ಮರಳಿ ಕೂರಿಸಲು ನುರಿತ ಕೈ ಬೇಕು. ಯಾವುದನ್ನು ಬಿಚ್ಚಿದರೂ ಹಳೆಯ ಬಿಡಿಭಾಗಗಳನ್ನು ಒಂದು ಡಬ್ಬಿಯಲ್ಲಿ ಹಾಕಿಟ್ಟುಕೊಳ್ಳುವುದು ಒಳ್ಳೆಯದು.

ಒಂದನ್ನು ಮಾತ್ರ ಎಂದೂ ಕತ್ತರಿಸಬಾರದು, ಅದು ಕುದುರೆಯ ಅಡಿಯಿಂದ ಗುಬುಟುಗಳ ಕಡೆಗೆ ಹೋಗುವ ಭೂಮಿಯ ವಯರು. ತಂತಿ ಮುಟ್ಟಿದೊಡನೆ ಗುಂಯ್ ಶಬ್ದ ಕಡಿಮೆಯಾಗುವುದು ಅದರಿಂದಲೇ. ಆ ವಯರು ತಂತಿಗಳನ್ನು ಆಂಪ್ಲಿಫೈಯರಿನ ಅರ್ತಿಗೆ ಜೋಡಿಸುವುದರಿಂದ, ವೇದಿಕೆಯ ಅರ್ತು ಸರಿಯಿಲ್ಲದಿದ್ದರೆ ಒಂದು ಕೈ ತಂತಿಯ ಮೇಲೆ, ಇನ್ನೊಂದು ಮೈಕಿನ ಮೇಲೆ ಇಟ್ಟ ವಾದಕನ ಎದೆಯ ಮೂಲಕವೇ ಕರೆಂಟು ಹರಿಯುತ್ತದೆ. 1972ರ ಮೇ 3ರಂದು ವೇಲ್ಸಿನ ಸ್ವಾನ್ಸಿಯಲ್ಲಿ ಲೆಸ್ ಹಾರ್ವಿ ಎಂಬ ತರುಣ ಗಿಟಾರುವಾದಕ ಕಚೇರಿಯ ವೇದಿಕೆಯ ಮೇಲೆಯೇ ಅರ್ತಿಲ್ಲದ ಮೈಕು ಮುಟ್ಟಿ ಪ್ರಾಣ ಕಳೆದುಕೊಂಡ. ಬಯಲಿನಲ್ಲಿ ಚಪ್ಪರ ಹಾಕಿ, ಕಂಬದಿಂದ ತಾತ್ಕಾಲಿಕ ಕರೆಂಟು ಎಳೆದು, ಇಬ್ಬನಿ ಬಿದ್ದ ನೆಲದ ಮೇಲೆ ನಡುರಾತ್ರಿಯ ತನಕ ಗಾನಮೇಳ ನಡೆಸುವ ಉತ್ಸವ ಸಮಿತಿಯವರು, ಹಾಡುಗಾರರು ವೇದಿಕೆ ಹತ್ತುವ ಮೊದಲೇ ಇಲೆಕ್ಟ್ರೀಶಿಯನನ್ನು ಕರೆಸಿ ಪ್ರತಿ ಪ್ಲಗ್ಗಿನ ಅರ್ತನ್ನೂ ಟೆಸ್ಟರ್ ಹಚ್ಚಿ ನೋಡಿಸತಕ್ಕದ್ದು.